ಹಸಿರು ಪಾಳಿ

ನಾನು ಉಚ್ಚೆಗೆ ಹೋಗುವ ವಿಷಯ ಮೊದಲು ನನಗೊಬ್ಬಳಿಗೇ ಗೊತ್ತಿತ್ತು. ಆಮೇಲೆ ಕಂಪನಿಗೂ ಗೊತ್ತಾಯಿತು. ನಾಚಿಕೆಯಾಗುವವರು ಇಲ್ಲಿಗೇ ಎದ್ದು ಹೋಗಬಹುದು. ನಮ್ಮನ್ನು ಎದ್ದು ಹೋಗಲು ಬಿಡುತ್ತಿರಲಿಲ್ಲ, ತಕರಾರು ಇರುವುದೇ ಅಲ್ಲಿ.

ನಾವು ಆಸ್ಪತ್ರೆಯ ಬಟ್ಟೆ ಒಗೆಯುವವರು. ಆಸ್ಪತ್ರೆ ಮೇಲಿದೆ. ಅಲ್ಲಿ ಗಾಜಿದೆ, ಹೂಕುಂಡವಿದೆ, ಮೆತ್ತನೆ ಮಾತಿದೆ. ನಾವು ನೆಲಮಾಳಿಗೆಯಲ್ಲಿದ್ದೇವೆ. ಮೇಲಿನಿಂದ ಒಂದು ದಪ್ಪ ಕೊಳವೆಯಲ್ಲಿ ಬಟ್ಟೆಯ ಗಂಟುಗಳು ದುಡುಂ ದುಡುಂ ಎಂದು ಬೀಳುತ್ತವೆ. ಬಿಚ್ಚುತ್ತೇವೆ. ರಕ್ತ, ಕೀವು, ವಾಂತಿ, ಹೇಲು. ಬೇರೆ ಬೇರೆ ಮಾಡುತ್ತೇವೆ. ಯಂತ್ರಕ್ಕೆ ತುಂಬುತ್ತೇವೆ, ತೆಗೆಯುತ್ತೇವೆ, ಹಿಂಡುತ್ತೇವೆ, ಮಡಚುತ್ತೇವೆ. ಒದ್ದೆ ಚಾದರದ ಭಾರ ಎತ್ತಿ ಗೊತ್ತಿಲ್ಲದವರಿಗೆ ಅದನ್ನು ಹೇಳಿ ಪ್ರಯೋಜನವಿಲ್ಲ. ಬ್ಲೀಚಿನ ನೀರಿಗೆ ನನ್ನ ಉಗುರಿನ ಸುತ್ತ ಚರ್ಮ ಎದ್ದಿದೆ. ಊಟದಲ್ಲಿ ಉಪ್ಪು ತಾಗಿದರೆ ಜೀವ ಹೋದಂತಾಗುತ್ತದೆ. ಕ್ಯಾಂಟೀನಿಗೆ ಹೋದರೆ ನಮಗೆ ಬಾಗಿಲ ಪಕ್ಕದ ಮೇಜು. ವಾಸನೆ ಬರುತ್ತದಂತೆ. ವಾಸನೆ ಅವರದೇ, ನಾವು ಬರೀ ಹೊತ್ತುಕೊಂಡು ತಿರುಗುತ್ತೇವೆ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಕೊಳೆ ಬಟ್ಟೆ ಬೇರ್ಪಡಿಸುವಾಗ ಕಲೆ ಇರುವ ಭಾಗವನ್ನು ಒಳಗೆ ಮಾಡಿ ಮಡಚಿ ಗಾಡಿಗೆ ಹಾಕಬೇಕು. ಯಂತ್ರಕ್ಕೆ ಇದರಿಂದ ಮೂರು ಕಾಸಿನ ಉಪಯೋಗವಿಲ್ಲ. ಒಳಗೆ ಹೋದ ಮೇಲೆ ಎಲ್ಲವೂ ಬಿಚ್ಚಿಕೊಳ್ಳುತ್ತದೆ. ಆದರೂ ಮಡಚುತ್ತೇವೆ. ನನಗೆ ಕೆಲಸ ಕಲಿಸಿದ ಹೆಂಗಸು ಮೊದಲ ದಿನವೇ ಕೈ ಮೇಲೊಂದು ಬಾರಿಸಿ ಹೇಳಿದ್ದಳು: "ಹಂಗೆ ಹರಡಬೇಡ್ವೇ. ಗಾಡಿ ತಳ್ಳೋನು ಯಾಕೆ ನೋಡ್ಬೇಕು? ಯಾರದೋ ಮೈ ಅದು." ಜೇಬಿನಲ್ಲಿ ಏನಾದರೂ ಸಿಕ್ಕರೆ ಡಬ್ಬಿಗೆ ಹಾಕಬೇಕು, ಕಾಗದವಾದರೆ ಓದಬಾರದು. ಯಾರು ಬಸುರಿ, ಯಾರು ರಾತ್ರಿ ಹಾಸಿಗೆ ಒದ್ದೆ ಮಾಡುವ ದೊಡ್ಡ ಮನುಷ್ಯ, ಯಾರು ಇನ್ನು ಹೆಚ್ಚು ದಿನ ಇರುವುದಿಲ್ಲ, ಎಲ್ಲ ನಮಗೆ ಗೊತ್ತಾಗುತ್ತದೆ. ಬಾಯಿ ಬಿಡುವುದಿಲ್ಲ. ಬಾಯಿ ಬಿಟ್ಟವಳೊಬ್ಬಳಿದ್ದಳು. ಅವಳ ಜೊತೆ ಚಾದರ ಮಡಚಲು ಯಾರೂ ನಿಲ್ಲಲಿಲ್ಲ, ಅವಳೇ ಬಿಟ್ಟು ಹೋದಳು.

ಇಂಥ ಜಾಗಕ್ಕೆ ಕೈಪಟ್ಟಿ ಬಂತು.

ತಂದವನು ನಮ್ಮ ಸೂಪರ್‌ವೈಸರ್. ಅವನಿಗೆ ನಾವು ಇಟ್ಟ ಹೆಸರು ನಗುಮುಖ. ಬೈಯುವಾಗಲೂ ನಗುತ್ತಾನೆ, ಕೆಲಸದಿಂದ ತೆಗೆಯುವಾಗಲೂ ನಗುತ್ತಾನೆ. ಅವನ ಮುಖದ ರಚನೆಯೇ ಹಾಗೋ ಏನೋ, ಪಾಪ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಕೈಗೂ ಕಪ್ಪು ರಬ್ಬರಿನ ಪಟ್ಟಿ ಕಟ್ಟಿದ. ಮಧ್ಯದಲ್ಲಿ ಹಸಿರು ದೀಪ ಮಿಣುಕುತ್ತಿತ್ತು.

"ಇದು ನಿಮ್ಮ ಆರೋಗ್ಯಕ್ಕೋಸ್ಕರಾನೇ," ಎಂದ. "ನಾಡಿ ನೋಡುತ್ತೆ, ಮೈ ಬಿಸಿ ನೋಡುತ್ತೆ, ಎಷ್ಟು ಓಡಾಡಿದ್ರಿ ಅಂತ ನೋಡುತ್ತೆ. ದೊಡ್ಡ ದೊಡ್ಡವರು ದುಡ್ಡು ಕೊಟ್ಟು ಕಟ್ಟಿಕೊಳ್ತಾರೆ. ನಿಮಗೆ ಪುಕ್ಕಟೆ."

"ಬೇಡ ಅಂದ್ರೆ ಸಾರ್?" ಎಂದೆ.

"ಬೇಡ ಅನ್ನೋರಿಗೆ ಗೇಟು ತೆಗೆದೇ ಇದೆಯಲ್ಲಮ್ಮಾ," ಎಂದು ನಕ್ಕ.

ಅದಕ್ಕೆ ನಾವು ಅತ್ತೆ ಎಂದು ಹೆಸರಿಟ್ಟೆವು. ಎಲ್ಲಿಗೆ ಹೋಗಿದ್ದೆ, ಯಾಕೆ ಹೋಗಿದ್ದೆ, ಇಷ್ಟು ಹೊತ್ತು ಏನು ಮಾಡುತ್ತಿದ್ದೆ, ಇದೇ ಅದರ ಕೆಲಸ. ಇದನ್ನು ಕೇಳಿ ನನ್ನ ನಿಜವಾದ ಅತ್ತೆಗೆ ಸಿಟ್ಟು ಬಂತು. "ನಾನು ಯಾವತ್ತಾದ್ರೂ ನಿನ್ನ ಬಾತ್‌ರೂಮ್ ಬಾಗಿಲಲ್ಲಿ ನಿಂತಿದ್ದೀನೇನೇ?" ಎಂದು ಕೇಳಿದಳು. ಇಲ್ಲ, ಪಾಪ, ನಿಂತಿರಲಿಲ್ಲ. ಕ್ಷಮೆ ಕೇಳಿದೆ.

ಗೋಡೆಗೆ ದೊಡ್ಡ ಟಿವಿ ಹಾಕಿದರು. ಅದರಲ್ಲಿ ಸಿನಿಮಾ ಬರುವುದಿಲ್ಲ, ನಮ್ಮ ಫೋಟೋಗಳು ಬರುತ್ತವೆ. ಚೆನ್ನಾಗಿ ಕೈ ಆಡಿಸುತ್ತಿದ್ದರೆ ಫೋಟೋ ಸುತ್ತ ಹಸಿರು. ನಿಧಾನವಾದರೆ ಹಳದಿ. ಶೌಚಾಲಯದ ಬಾಗಿಲಿಗೂ ಒಂದು ಪೆಟ್ಟಿಗೆ ಕೂರಿಸಿದ್ದರು. ಕೈಪಟ್ಟಿ ಅದರ ಹತ್ತಿರ ಹೋದರೆ ಅದಕ್ಕೆ ತಿಳಿಯುತ್ತದೆ. ಪಾಳಿಯಲ್ಲಿ ಎರಡನೇ ಸಲ ಹೋದರೆ ಹಳದಿ, ಮೂರನೇ ಸಲ ಹೋದರೆ ಕೆಂಪು. ಒಳಗೆ ಹೆಚ್ಚು ಹೊತ್ತು ಕೂತರೂ ಕೆಂಪು. ಕೆಂಪಾದವರನ್ನು ನಗುಮುಖ ಮೇಲೆ ಕರೆದು ಎದುರಿಗೆ ನಿಲ್ಲಿಸಿಕೊಂಡು, "ಯಾಕಮ್ಮಾ, ಹೊಟ್ಟೆ ಸರಿಯಿಲ್ವಾ?" ಎಂದು ಕೇಳುತ್ತಿದ್ದ. ಎರಡು ಮಕ್ಕಳ ತಾಯಿ, ಗಂಡಸಿನ ಎದುರು ನಿಂತು, ಸಾರ್ ನನಗೆ ಮುಟ್ಟು, ಬಟ್ಟೆ ಬದಲಿಸಬೇಕಿತ್ತು ಎಂದು ಹೇಳಬೇಕು. ಹೇಳಿದ್ದೇನೆ. ಅವನು ಅದನ್ನು ಕಂಪ್ಯೂಟರಿಗೆ ಹಾಕಿಕೊಂಡ.

ನಾವು ನೀರು ಕುಡಿಯುವುದು ಬಿಟ್ಟೆವು. ಆ ಬಿಸಿಯಲ್ಲಿ, ಆ ಹಬೆಯಲ್ಲಿ, ನಾಲಿಗೆ ಅಂಗುಳಕ್ಕೆ ಅಂಟಿಕೊಂಡರೂ ಕುಡಿಯಲಿಲ್ಲ. ಉಚ್ಚೆ ಉರಿಯತೊಡಗಿತು. ಟಿವಿ ತುಂಬ ಹಸಿರಾಯಿತು. ನಮ್ಮ ಆರೋಗ್ಯ ಸುಧಾರಿಸಿದೆ ಎಂದು ನಗುಮುಖ ಹೇಳಿದ.

ಇನ್ನೊಂದು ಹೇಳಬೇಕು. ಆ ನೆಲಮಾಳಿಗೆಯಲ್ಲಿ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಜಾಗ ಅದೊಂದೇ. ಗಂಡನಿಂದ ಹೊಡೆತ ತಿಂದವಳು, ಅಪ್ಪ ಸತ್ತ ಮೂರನೇ ದಿನ ಕೆಲಸಕ್ಕೆ ಬಂದವಳು, ಸುಮ್ಮನೆ ಸಾಕಾಗಿ ಹೋದವಳು, ಎಲ್ಲರೂ ಅಲ್ಲೇ ಹೋಗಿ ಅತ್ತು ಮುಖ ತೊಳೆದು ಬರುತ್ತಿದ್ದೆವು. ಅಳುವುದಕ್ಕೂ ಕೆಂಪು ಬೀಳತೊಡಗಿದ ಮೇಲೆ ಅದೂ ನಿಂತಿತು. ಮನೆಗೆ ಹೋಗಿ ಅಳೋಣವೆಂದರೆ ಅಲ್ಲಿ ಅಡುಗೆ ಇರುತ್ತದೆ.

ನಗು ಬರಿಸಿದ ಪ್ರಸಂಗವೂ ಒಂದು ನಡೆಯಿತು. ಬಿಸಿ ರೋಲರಿಗೆ ಚಾದರ ಕೊಟ್ಟು ಇಸ್ತ್ರಿ ಮಾಡುವವನನ್ನು ನಾವು ರೋಲರ್ ತಾತ ಎನ್ನುತ್ತೇವೆ. ರೋಲರಿನ ಶಾಖಕ್ಕೆ ಕೈಪಟ್ಟಿ ಕಾದು ಮಣಿಕಟ್ಟು ಸುಡುತ್ತದೆಂದು ತಾತ ಅದನ್ನು ಬಿಚ್ಚಿ ಏಪ್ರನ್ ಜೇಬಿಗೆ ಹಾಕಿಕೊಂಡ. ಏಪ್ರನ್ ಬೆವರು ನಾರುತ್ತಿತ್ತು, ತೆಗೆದು ಕೊಳೆ ಗಾಡಿಗೆ ಎಸೆದ. ಊರವರ ಜೇಬನ್ನೆಲ್ಲ ತಡಕುವ ನಾವು ನಮ್ಮ ಏಪ್ರನ್ನಿನ ಜೇಬು ನೋಡುವವರಲ್ಲ. ಅದು ಹಾಗೇ ಯಂತ್ರದೊಳಗೆ ಹೋಯಿತು. ಬೆಚ್ಚನೆ ನೀರಿನಲ್ಲಿ ಗಿರಗಿರ ತಿರುಗಿತು. ಡ್ರಮ್ಮಿನ ಬಡಿತವನ್ನೇ ನಾಡಿ ಅಂದುಕೊಂಡಿತೋ ಏನೋ. ಗಂಟುಗಳ ಹಿಂದೆ ತಾತ ಗೊರಕೆ ಹೊಡೆಯುತ್ತಿದ್ದ, ಟಿವಿಯಲ್ಲಿ ಅವನ ಫೋಟೋ ಎಲ್ಲರಿಗಿಂತ ಮೇಲೆ ಹೋಗಿ ಹಸಿರಾಗಿ ಕೂತಿತ್ತು. ಅಷ್ಟು ಹೊತ್ತು ಒಂದೇ ಸಮ ದುಡಿದವರು ಕಂಪನಿಯ ಚರಿತ್ರೆಯಲ್ಲೇ ಇರಲಿಲ್ಲವಂತೆ. ನಗುಮುಖ ಬಂದು ಕೈಕುಲುಕಿ ತಿಂಗಳ ಶ್ರಮಜೀವಿ ಎಂಬ ಸರ್ಟಿಫಿಕೇಟು ಕೊಟ್ಟ. ತಾತ ಅದನ್ನು ಮನೆಯಲ್ಲಿ ಗೋಡೆಯ ಬಿರುಕಿನ ಮೇಲೆ ಅಂಟಿಸಿದ್ದಾನೆ. ಯಾರೂ ಉಸಿರೆತ್ತಲಿಲ್ಲ.

ಈಗ ಚಿಕ್ಕವಳ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿ ಬಂದದ್ದು ಅದನ್ನು ಹೇಳಲಾರದೇ.

ನಮ್ಮಲ್ಲಿ ಎಲ್ಲರಿಗಿಂತ ಸಣ್ಣವಳಾದ್ದರಿಂದ ಅವಳು ಚಿಕ್ಕವಳು. ಚಾದರ ಮಡಚುವುದರಲ್ಲಿ ನನ್ನ ಜೋಡಿ. ದೊಡ್ಡ ಚಾದರ ಮಡಚಲು ಇಬ್ಬರು ಬೇಕು. ಆ ತುದಿ ಅವಳು, ಈ ತುದಿ ನಾನು. ಎಳೆದು ಜಾಡಿಸಿ ನಡೆದು ಬಂದು ಮೂಲೆಗೆ ಮೂಲೆ ಸೇರಿಸುತ್ತೇವೆ. ಕೈ ಕೈ ಕೂಡುವಾಗ ಒಂದು ಮಾತು ಆಡಬಹುದು. ಮತ್ತೆ ದೂರ ಹೋಗಬೇಕು. ಯಂತ್ರದ ಗದ್ದಲದಲ್ಲಿ ದೂರದಿಂದ ಏನೂ ಕೇಳುವುದಿಲ್ಲ. ಹಾಗಾಗಿ ನಮ್ಮ ಮಾತೆಲ್ಲ ತುಂಡು ತುಂಡು.

ಒಂದು ದಿನ ಮೂಲೆ ಕೊಡುತ್ತ, "ಅಕ್ಕಾ, ನಿಂತು ಬಿಟ್ಟಿದೆ," ಎಂದಳು.

ದೂರ ಹೋದೆವು, ಜಾಡಿಸಿದೆವು, ಬಂದೆವು.

"ಗಂಡನಿಗೆ ಹೇಳಿದ್ಯಾ?" ಎಂದೆ.

ಮತ್ತೊಂದು ಚಾದರ.

"ಇಲ್ಲ. ಹಿಂದೆ ಎರಡು ಸಲ ಹೇಳಿದ್ಮೇಲೇ ಹೋಯ್ತು. ಈ ಸಲ ಮೂರು ತಿಂಗಳು ತುಂಬೋವರೆಗೂ ಯಾರಿಗೂ ಹೇಳಲ್ಲ. ನಿನಗೂ ಹೇಳ್ತಿರಲಿಲ್ಲ. ಭಾರ ಎತ್ತೋದಿದ್ದರೆ ನೀನು ಎತ್ತು ಅಕ್ಕಾ."

"ಎತ್ತೀನಿ ಬಿಡು," ಎಂದೆ. ಅಂದಿನಿಂದ ಒದ್ದೆ ಬಟ್ಟೆ ನಾನೇ ಎತ್ತಿದೆ. ಸೊಂಟ ಬಿದ್ದು ಹೋಯಿತು. ಖುಷಿಯಿಂದಲೇ ಎತ್ತಿದೆ, ಸುಳ್ಳು ಯಾಕೆ ಹೇಳಲಿ.

ಬಸುರಿ ಎಂದ ಮೇಲೆ ಉಚ್ಚೆ ಬರುತ್ತದೆ. ಅವಳ ಫೋಟೋ ದಿನಾ ಕೆಂಪಾಯಿತು. ನಗುಮುಖ ಕರೆದು ಕೇಳಿದ. ನೀರು ಹೆಚ್ಚು ಕುಡಿದೆ ಎಂದಳು. ಆದರೆ ಕೈಪಟ್ಟಿ ಮೈ ಬಿಸಿ ನೋಡುತ್ತಿತ್ತು, ನಾಡಿ ನೋಡುತ್ತಿತ್ತು, ಬಾಗಿಲ ಪೆಟ್ಟಿಗೆ ಅವಳನ್ನು ಎಣಿಸುತ್ತಿತ್ತು. ಯಾವುದೋ ಊರಿನ ಯಾವುದೋ ಕೋಣೆಯ ಕಂಪ್ಯೂಟರ್ ಮೂರನ್ನೂ ಕೂಡಿಸಿತು.

ಅಂದು ಸಂಜೆ ಕಂಪನಿಯ ಗ್ರೂಪಿನಲ್ಲಿ ಗುಲಾಬಿ ಹೂವಿನ ಚಿತ್ರವೊಂದು ಬಂತು. ಚಿಕ್ಕವಳ ಫೋಟೋ. ಕೆಳಗೆ: "ಅಭಿನಂದನೆಗಳು! ನಮ್ಮ ಕುಟುಂಬಕ್ಕೆ ಪುಟ್ಟ ಅತಿಥಿ ಬರಲಿದ್ದಾರೆ." ಆ ಗ್ರೂಪಿನಲ್ಲಿ ನಾವಷ್ಟೇ ಅಲ್ಲ, ಅಡುಗೆಯವರು, ಕಾವಲಿನವರು, ಗಾಡಿ ಓಡಿಸುವವರು ಎಲ್ಲ ಇದ್ದರು. ಚಿಕ್ಕವಳ ಅತ್ತೆಗೆ ಸುದ್ದಿ ತಿಳಿದದ್ದು ತರಕಾರಿ ಮಾರುವವಳಿಂದ. ಗಂಡನಿಗೆ ತಿಳಿದದ್ದು ಬಸ್ಸಿನಲ್ಲಿ, ಯಾರೋ ಬೆನ್ನು ತಟ್ಟಿದಾಗ. ಅವನು ಮನೆಗೆ ಬಂದು ಕೇಳಿದ ಮೊದಲ ಮಾತು, "ನನಗೊಬ್ಬನಿಗೆ ಹೇಳಬಾರದು ಅನ್ನಿಸಿತಾ?"

ಮರುದಿನ ನಗುಮುಖ ಅವಳನ್ನು ಕರೆದು ವಿಶ್ರಾಂತಿ ತಗೋ ಎಂದ. ಬೇಡ ಸಾರ್ ಎಂದಳು. ಕಂಪನಿಯ ಕಾಳಜಿ ಎಂದ. ವಿಶ್ರಾಂತಿಗೆ ಸಂಬಳ ಇಲ್ಲ. "ಪಟ್ಟಿ ಮಾತ್ರ ಬಿಚ್ಚಬೇಡ. ಹುಷಾರಾದ ಮೇಲೆ ನಾವೇ ಕರೀತೀವಿ." ಬಿಚ್ಚಿದರೆ ಕೆಲಸ ಬಿಟ್ಟಂತೆ ಲೆಕ್ಕ. ಅವಳು ಪಟ್ಟಿ ಕಟ್ಟಿಕೊಂಡೇ ಮನೆಗೆ ಹೋದಳು.

ನಾವು ಸುಮ್ಮನಿರಲಿಲ್ಲ. ಸುಮ್ಮನಿದ್ದರೆ ನಾವು ಹೆಂಗಸರೇ ಅಲ್ಲ. ಅದೇ ಗ್ರೂಪಿನಲ್ಲಿ ಬರೆದೆವು. ಚಿಕ್ಕವಳನ್ನು ವಾಪಸ್ ಕರೆಸಿ, ಪಟ್ಟಿ ತೆಗೆಸಿ ಎಂದು ಬರೆದೆವು. ಬರೆದದ್ದು ಕಣ್ಣೆದುರಿಗೇ ಮಾಯವಾಯಿತು. ಮತ್ತೆ ಬರೆದೆವು, ಮತ್ತೆ ಮಾಯ. ರೋಲರ್ ತಾತ, "ನಿಮ್ಮ ಮನೆ ಹೆಣ್ಮಕ್ಕಳ ಹೊಟ್ಟೆ ಸುದ್ದಿನೂ ಹೀಗೇ ಹಾಕ್ತೀರಾ?" ಎಂದು ಬರೆದ. ತಾತನನ್ನೇ ಗ್ರೂಪಿನಿಂದ ಕಿತ್ತರು. ತಿಂಗಳ ಶ್ರಮಜೀವಿ ಎಂದೂ ನೋಡಲಿಲ್ಲ.

ನನ್ನ ತಂಗಿ ಫೋನ್ ರಿಪೇರಿ ಅಂಗಡಿ ಇಟ್ಟಿದ್ದಾಳೆ. ಅಂಗಡಿ ಅಂದರೆ ಮೆಟ್ಟಿಲ ಕೆಳಗಿನ ಸಂದು. ಒಂದು ಮೇಜು, ಒಂದು ದೀಪ, ಎದೆಮಟ್ಟ ಸತ್ತ ಫೋನುಗಳು. ಸಣ್ಣವಳಿದ್ದಾಗಿನಿಂದ ಅವಳಿಗೆ ಕಂಡದ್ದನ್ನೆಲ್ಲ ಬಿಚ್ಚುವ ಚಟ. ಅಪ್ಪನ ರೇಡಿಯೋ ಬಿಚ್ಚಿ ಒದೆ ತಿಂದಿದ್ದಳು. ನಾನೂ ತಾತನೂ ಹೋಗಿ ಕೂತೆವು.

"ಅವರ ಮನೆ ಪಡಸಾಲೇಲಿ ಕೂತು ಅವರನ್ನೇ ಬೈದ್ರೆ ಕತ್ತು ಹಿಡಿದು ಆಚೆ ಹಾಕ್ದೆ ಇನ್ನೇನ್ ಮಾಡ್ತಾರೆ?" ಎಂದಳು ತಂಗಿ. "ಮಾತಾಡೋಕೆ ನಮ್ಮದೇ ಜಾಗ ಬೇಕು."

ಅಂಗಡಿಯ ಮೂಲೆಯಲ್ಲಿ ಹಳೆಯ ಕಂಪ್ಯೂಟರ್ ಒಂದಿತ್ತು. ಅದರ ಮೇಲೆ ಟೀ ಲೋಟ ಇಡುತ್ತಿದ್ದಳು. ಲೋಟ ತೆಗೆದು ಒರೆಸಿದಳು. ಇದರಲ್ಲಿ ಒಂದು ಪ್ರೋಗ್ರಾಮು ಹಾಕುತ್ತೇನೆ, ಎಲ್ಲೆಲ್ಲಿಯೋ ಇರುವ ಜನ ಕೂಡಿ ಬರೆದದ್ದು, ಯಾರು ಬೇಕಾದರೂ ತೆಗೆದುಕೊಳ್ಳಬಹುದು, ದುಡ್ಡಿಲ್ಲ ಎಂದಳು.

ತಾತ ಎದ್ದೇ ಬಿಟ್ಟ. "ಪುಕ್ಕಟೇನಾ? ಬ್ಯಾಡ ಕಣಮ್ಮಾ. ಈ ದರಿದ್ರ ಪಟ್ಟೀನೂ ಪುಕ್ಕಟೆ ಅಂತಾನೇ ಕಟ್ಟಿದ್ದು."

"ಕೂತ್ಕೋ ತಾತ. ಪುಕ್ಕಟೆ ಅಂತ ಇದನ್ನ ತಗೋತಿಲ್ಲ. ಬಿಚ್ಚಿ ನೋಡೋಕೆ ಬಿಡ್ತಾರೆ ಅಂತ ತಗೋತಿದ್ದೀನಿ. ಒಳಗೆ ಏನು ಬರೆದಿದ್ದಾರೆ ಅಂತ ಯಾರು ಬೇಕಾದ್ರೂ ಓದಬಹುದು, ಬೇಡದ್ದನ್ನ ಕಿತ್ತು ಹಾಕಬಹುದು. ನಿನ್ನ ಕೈಯಲ್ಲಿರೋ ಪಟ್ಟಿ ಒಳಗೇನಿದೆ ಅಂತ ಬಿಚ್ಚು ನೋಡೋಣ. ಬಿಚ್ಚಿದ್ರೆ ಪೊಲೀಸ್ ಕರೀತೀವಿ ಅಂತ ಹಿಂದೆ ಬರೆದಿದ್ದಾರೆ."

ತಾತ ಕೂತ. ಯೋಚಿಸಿದ. ಅವನು ಸುಲಭಕ್ಕೆ ಬಗ್ಗುವವನಲ್ಲ.

"ಆಯ್ತು. ನಾವು ಬರೆದದ್ದೆಲ್ಲ ಈ ನಿನ್ನ ಡಬ್ಬೀಲಿ ಇರ್ತದೆ. ನೀನು ಓದಲ್ಲ ಅಂತ ಏನು ಗ್ಯಾರಂಟಿ?"

"ನನ್ನ ನಂಬಬೇಡ," ಎಂದಳು ತಂಗಿ. "ಅದಕ್ಕೇ ಬೀಗ ಇದೆ. ಬೀಗದ ಕೈ ನಿಮ್ಮ ನಿಮ್ಮ ಫೋನಲ್ಲಿ. ನಾನು ತಲೆಕೆಳಗಾಗಿ ನಿಂತ್ರೂ ಓದೋಕಾಗಲ್ಲ."

"ನಿನ್ನ ಅಂಗಡೀನೇ ಮುಚ್ಚಿಸಿದ್ರೆ?"

"ಮುಚ್ಚಿಸ್ಲಿ. ಹೋಟೆಲ್ ಬಟ್ಟೆ ಒಗೆಯೋರು ದರ್ಜಿ ಅಂಗಡೀಲಿ ಇಂಥದ್ದೇ ಇಟ್ಟಿದ್ದಾರೆ. ವೃದ್ಧಾಶ್ರಮದವರದ್ದು ಇನ್ನೊಂದಿದೆ. ಒಂದಕ್ಕೊಂದು ಮಾತಾಡ್ತವೆ, ಒಂದಕ್ಕೊಂದು ಯಜಮಾನ ಅಲ್ಲ. ಇಲ್ಲಿ ಬಾಗಿಲು ಹಾಕಿದ್ರೆ ಅಲ್ಲಿ ಹೋಗಿ ಕೂತ್ಕೊಳ್ಳಿ."

"ಹರಟೆ ಕಟ್ಟೆ ಇದ್ದಂಗೆ ಅನ್ನು," ಎಂದ ತಾತ. ಹೆಸರು ಹಾಗೇ ನಿಂತಿತು. ಕಟ್ಟೆ.

ಮೊದಮೊದಲು ಕಟ್ಟೆ ಸರಿಯಾಗಿ ಕೆಲಸ ಮಾಡಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಫೋಟೋ ಹೋಗುತ್ತಿರಲಿಲ್ಲ. ಅಂಗಡಿಯಲ್ಲಿ ಕರೆಂಟು ಹೋದರೆ ಎಲ್ಲರ ಬಾಯಿಯೂ ಬಂದ್. ಅರ್ಧ ಜನ, ಆ ಹಳೇದೇ ಚೆನ್ನಾಗಿತ್ತಪ್ಪ, ಹೂವಿನ ಚಿತ್ರ ಬರುತ್ತಿತ್ತು ಎಂದು ಗೊಣಗಿದರು. ನಾನೂ ಗೊಣಗಿದೆ. ತಂಗಿ ನನ್ನ ಜೊತೆ ಎರಡು ದಿನ ಮಾತು ಬಿಟ್ಟಳು. ಆದರೆ ಅಲ್ಲಿ ಬರೆದದ್ದು ಇದ್ದಲ್ಲೇ ಇರುತ್ತಿತ್ತು. ಅಷ್ಟು ಸಾಕೆನಿಸಿತು. ಹೋಟೆಲಿನವರು ತಮಗೂ ಪಟ್ಟಿ ಕಟ್ಟಿದ್ದಾರೆ ಎಂದು ಬರೆದರು. ವೃದ್ಧಾಶ್ರಮದವರೂ ಬರೆದರು. ತಾತ ತನ್ನ ಸರ್ಟಿಫಿಕೇಟಿನ ಕಥೆ ಬರೆದ. ಎಲ್ಲ ಕಟ್ಟೆಗಳೂ ಬಿದ್ದು ಬಿದ್ದು ನಕ್ಕವು.

ಆ ನಗು ಮುಗಿಯುವ ಮುಂಚೆ ಚಿಕ್ಕವಳಿಂದ ಫೋನು ಬಂತು. ಮಾತಾಡಲಿಲ್ಲ. ಉಸಿರು ಮಾತ್ರ ಕೇಳಿಸಿತು. ನಾನು ಪಾಳಿ ಮುಗಿಸಿ ಹೋದೆ.

ಅವಳು ಗೋಡೆಗೊರಗಿ ಕೂತಿದ್ದಳು. ಬಕೆಟ್ಟಿನಲ್ಲಿ ಚಾದರ ನೆನೆಸಿದ್ದಳು. ತಣ್ಣೀರಲ್ಲೇ ನೆನೆಸಿದ್ದಳು. ರಕ್ತಕ್ಕೆ ಬಿಸಿನೀರು ಹಾಕಬಾರದೆಂದು ಆ ಹೊತ್ತಿನಲ್ಲೂ ಅವಳಿಗೆ ನೆನಪಿತ್ತು.

"ಬೆಳಿಗ್ಗೆ ಹೋಯ್ತು ಅಕ್ಕಾ," ಎಂದಳು. ಕಣ್ಣಲ್ಲಿ ನೀರಿರಲಿಲ್ಲ. ಫೋನು ನನ್ನ ಕಡೆ ತಳ್ಳಿದಳು. ಕಂಪನಿಯಿಂದ ಸಂದೇಶ ಬಂದಿತ್ತು. ಹಸಿರು ಚೌಕಟ್ಟು. "ಶುಭ ಸುದ್ದಿ! ನೀವೀಗ ಕೆಲಸಕ್ಕೆ ಯೋಗ್ಯರಾಗಿದ್ದೀರಿ. ಸೋಮವಾರ ನಿಮ್ಮನ್ನು ಸ್ವಾಗತಿಸಲು ಕಾಯುತ್ತಿದ್ದೇವೆ."

"ಇದು ಮಧ್ಯಾಹ್ನ ಬಂತು," ಎಂದಳು. "ನಮ್ಮನೆಯವರಿಗೆ ನಾನಿನ್ನೂ ಹೇಳಿಲ್ಲ. ಅವರು ಇನ್ನೂ ಕೆಲಸದಿಂದ ಬಂದಿಲ್ಲ."

ಅವಳ ಮಣಿಕಟ್ಟಿನಲ್ಲಿ ಹಸಿರು ದೀಪ ಮಿಣುಕುತ್ತಿತ್ತು.

ನನಗೆ ಆಗ ಬಂದ ಸಿಟ್ಟನ್ನು ಬರೆಯಲು ಬರುವುದಿಲ್ಲ. ಬಕೆಟ್ಟು ಎತ್ತಿಕೊಂಡು ಹೋಗಿ ಚಾದರ ಒಗೆದೆ. ಕೈ ಸೋಲುವವರೆಗೆ ಒಗೆದೆ. ಹಿಂಡಿ ಹರವಿದೆ. ವಾಪಸ್ ಬಂದಾಗ ಅವಳು ಫೋನಿನಲ್ಲಿ ಏನೋ ಬರೆಯುತ್ತಿದ್ದಳು.

"ಅತ್ತುಬಿಡೇ," ಎಂದೆ.

"ಎಲ್ಲಿ ಅಳ್ಲಿ? ಅತ್ತೆ ಅಡುಗೆ ಮನೇಲಿದ್ದಾರೆ. ನಾನು ಅತ್ರೆ ಅವರೂ ಶುರು ಮಾಡ್ತಾರೆ. ಆಮೇಲೆ ಅವರನ್ನ ನಾನೇ ಸಮಾಧಾನ ಮಾಡ್ಬೇಕು." ಬರೆದು ಮುಗಿಸಿ ಫೋನು ಕೆಳಗಿಟ್ಟಳು. "ಕಟ್ಟೇಲಿ ಹಾಕಿದ್ದೀನಿ. ನನ್ನ ಹೊಟ್ಟೆ ಸುದ್ದೀನ ಎರಡು ಸಲ ಕಂಪನಿಯೋರು ಹೇಳಿದ್ರು. ಈ ಸಲ ನಾನು ಹೇಳ್ದೆ. ನಮ್ಮನೆಯವರು ಬಂದ ಮೇಲೆ ಅವರಿಗೂ ನಾನೇ ಹೇಳ್ತೀನಿ."

ಅವಳು ಬರೆದದ್ದು ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಹೋಯಿತು. ಹೆಸರು ಹಾಕಿರಲಿಲ್ಲ. ನಮಗೆ ಗೊತ್ತಿಲ್ಲದ ಊರುಗಳ ಒಗೆಯುವವರು ಓದಿದರು. ಯಾರೂ ಹೂವಿನ ಚಿತ್ರ ಹಾಕಲಿಲ್ಲ. ಒಬ್ಬಳು, "ನನಗೂ ಹೀಗೇ ಆಯಿತು," ಎಂದಷ್ಟೇ ಬರೆದಳು. ಕೆಳಗೆ ಇನ್ನೊಬ್ಬಳು ಹಾಗೇ ಬರೆದಳು. ಆಮೇಲೆ ಇನ್ನೊಬ್ಬಳು.

ಕಂಪನಿಗೆ ಅದು ಹೇಗೋ ಮುಟ್ಟಿತು. ನಗುಮುಖ ನನ್ನನ್ನು ಮೇಲೆ ಕರೆಸಿದ. ಅವನ ಕೋಣೆಯಲ್ಲಿ ತಣ್ಣನೆ ಗಾಳಿ ಬರುತ್ತದೆ. ಕುರ್ಚಿ ತೋರಿಸಿದ. ಹದಿನಾರು ವರ್ಷದಲ್ಲಿ ಮೊದಲ ಸಲ.

"ನಿಮ್ಮದೇನೋ ಗುಂಪಿದೆಯಂತಲ್ಲಮ್ಮಾ. ಯಾರ್ಯಾರಿದ್ದಾರೆ ಅದರಲ್ಲಿ?"

"ಇದ್ದಾರೆ ಸಾರ್, ನಮ್ಮಂಥೋರು."

"ಹೆಸರು ಹೇಳು. ಅಥವಾ ಫೋನ್ ಕೊಡು, ನಾನೇ ನೋಡ್ಕೋತೀನಿ. ಸೂಪರ್‌ವೈಸರ್ ಕೆಲಸ ಒಂದು ಖಾಲಿ ಆಗ್ತಿದೆ. ನಿನ್ನ ಸೊಂಟಕ್ಕೂ ಒಳ್ಳೇದು." ನನ್ನ ಸೊಂಟ ಬಿದ್ದದ್ದೂ ಅವನಿಗೆ ಗೊತ್ತಿತ್ತು.

"ಕೊಡಲ್ಲ ಸಾರ್."

"ಯಾಕೆ? ತಪ್ಪು ಮಾಡದೋರಿಗೆ ಮುಚ್ಚಿಡೋದೇನಿರುತ್ತೆ?"

ಈ ಮಾತು ಕೇಳಿ ನನ್ನ ಮೈ ಉರಿಯಿತು. ಆದರೆ ಕೂಗಲಿಲ್ಲ. ಕುರ್ಚಿಯಿಂದ ಎದ್ದೆ.

"ನಿಮ್ಮ ತಾಯಿ ಹೋದ ವರ್ಷ ಇಲ್ಲೇ ಮೇಲೆ ಮಲಗಿದ್ರಲ್ಲ ಸಾರ್. ಅವರ ಚಾದರ ಎಲ್ಲ ನಾನೇ ಬಿಚ್ಚಿದ್ದು. ಅವರೇನು ತಪ್ಪು ಮಾಡಿದ್ರು?"

ಅವನು ಕೈಯಲ್ಲಿದ್ದ ಪೆನ್ನು ಮೇಜಿನ ಮೇಲಿಟ್ಟ.

"ನಾನು ಏನು ನೋಡ್ದೆ ಅಂತ ಇವತ್ತಿನವರೆಗೆ ಒಂದು ಪ್ರಾಣಿಗೆ ಹೇಳಿದ್ದೀನಾ? ನಿಮಗೇ ಹೇಳಿಲ್ಲ. ಕಲೆ ಒಳಗೆ ಮಾಡಿ ಮಡಚಿ ಹಾಕ್ದೆ. ಫೋನ್ ಕೊಡಲ್ಲ. ಹೆಸರು ಹೇಳಲ್ಲ. ಗೇಟು ತೆಗೆದಿದೆ ಅಂತ ಗೊತ್ತು."

ಅವನ ಮುಖದಲ್ಲಿ ನಗು ಇರಲಿಲ್ಲ. ನಗು ಇಲ್ಲದ ಅವನ ಮುಖ ನಾನು ನೋಡಿದ್ದು ಅದೇ ಮೊದಲು. ಸಾಧಾರಣ ಮುಖ. ಸೋಮವಾರದವರೆಗೆ ಯೋಚಿಸು ಎಂದ.

ಸೋಮವಾರ ಚಿಕ್ಕವಳು ಬಂದಳು. ಬರದೆ ವಿಧಿಯಿರಲಿಲ್ಲ, ಮನೆ ನಡೆಯಬೇಕಲ್ಲ. ಮುಖ ಬಿಳಿಚಿಕೊಂಡಿತ್ತು. ಟಿವಿಯಲ್ಲಿ ಅವಳ ಫೋಟೋ ಸುತ್ತ "ಮರಳಿ ಸ್ವಾಗತ" ಎಂದು ಮಿಂಚುತ್ತಿತ್ತು. ಅವಳು ಅದನ್ನು ನೋಡಲಿಲ್ಲ. ಚಾದರದ ಆ ತುದಿ ಹಿಡಿದಳು. ನಾನು ಈ ತುದಿ ಹಿಡಿದೆ. ಜಾಡಿಸಿದೆವು, ನಡೆದು ಬಂದೆವು.

"ಕಟ್ಟೇಲಿ ಓದಿದ್ಯಾ?" ಎಂದೆ.

ದೂರ ಹೋದೆವು, ಬಂದೆವು.

"ಓದಿದೆ. ಎಲ್ಲ ಕಡೆ ಇವತ್ತೇನಾ?"

"ಎಲ್ಲ ಕಡೆ."

ಅವಳು ಚಾದರ ಕೆಳಗಿಟ್ಟು ಪಟ್ಟಿಯ ಕೊಂಡಿಗೆ ಕೈ ಹಾಕಿದಳು. ಕೊಂಡಿ ಬಿಗಿದುಕೊಂಡಿತ್ತು, ಬಿಚ್ಚಲಾಗಲಿಲ್ಲ. ನಾನು ಬಿಚ್ಚಿದೆ. ಅಡಿಯಲ್ಲಿ ಚರ್ಮ ಬೆಳ್ಳಗೆ ಒದ್ದೆಯಾಗಿತ್ತು.

ದಿಂಬಿನ ಕವರು ಒಂದನ್ನು ತಾತ ಹಿಡಿದುಕೊಂಡು ಎಲ್ಲರ ಎದುರಿಗೂ ಹೋದ. ಒಬ್ಬೊಬ್ಬರೂ ಬಿಚ್ಚಿ ಹಾಕಿದರು. ಹೆದರಿದವರೂ ಇದ್ದರು. ಒಬ್ಬಳು ಹಾಕಿ, ಮತ್ತೆ ತೆಗೆದುಕೊಂಡು, ಮತ್ತೆ ಹಾಕಿದಳು. ತಾತ ತನ್ನದನ್ನು ಕೊನೆಗೆ ಹಾಕಿ, "ಹೋಗಿ ಬನ್ರಪ್ಪಾ, ಚೆನ್ನಾಗಿ ದುಡೀರಿ," ಎಂದು ಕವರಿನ ಬಾಯಿ ಕಟ್ಟಿದ. ಒಂದಷ್ಟು ಟವೆಲಿನ ಜೊತೆ ಯಂತ್ರಕ್ಕೆ ಹಾಕಿದೆವು. ಬೆಚ್ಚನೆ ನೀರು, ನಿಧಾನದ ತಿರುಗು. ಬಾಗಿಲು ಹಾಕಿ ಗುಂಡಿ ಒತ್ತಿದೆ.

ಟಿವಿಯಲ್ಲಿ ಫೋಟೋಗಳು ಒಂದೊಂದಾಗಿ ಹಸಿರಾದವು. ನಾನು, ತಾತ, ಚಿಕ್ಕವಳು, ಎಲ್ಲರೂ. ಒಂದೂ ಹಳದಿಯಿಲ್ಲ. ನಾವು ಗಾಡಿಗಳನ್ನು ಬೋರಲು ಹಾಕಿ ಅದರ ಮೇಲೆ ಕೂತೆವು. ಮೊದಲು ಹೇಗೆ ಕೂರಬೇಕೆಂದೇ ತಿಳಿಯಲಿಲ್ಲ. ಕೈ ಏನು ಮಾಡಬೇಕೆಂದು ತಿಳಿಯಲಿಲ್ಲ. ಮೇಲಿನಿಂದ ಗಂಟುಗಳು ಬೀಳುತ್ತಲೇ ಇದ್ದವು. ಕೊಳವೆ ತುಂಬಿ, ಬೀಳುವುದು ನಿಂತಿತು.

ನನ್ನ ಫೋನು ಸದ್ದು ಮಾಡಿತು. ಹೋಟೆಲಿನ ಕಟ್ಟೆಯಿಂದ: "ನಮ್ಮಲ್ಲೂ ಹಸಿರು." ವೃದ್ಧಾಶ್ರಮದಿಂದ: "ಇಲ್ಲೂ. ನಮ್ಮ ಸೂಪರ್‌ವೈಸರ್ ಖುಷಿಯಾಗಿದ್ದಾರೆ."

ಕಂಪನಿಯ ಗ್ರೂಪಿನಲ್ಲಿ ಹೂವಿನ ಚಿತ್ರ ಬಂತು. "ಅಭಿನಂದನೆಗಳು! ಇಂದಿನ ಪಾಳಿ ಇದುವರೆಗಿನ ಅತ್ಯುತ್ತಮ ಪಾಳಿ."

ಸ್ವಲ್ಪ ಹೊತ್ತಿಗೆ ನಗುಮುಖ ಇಳಿದು ಬಂದ. ಫೋಟೋ ತೆಗೆಯಲು ಫೋನು ಎತ್ತಿಕೊಂಡೇ ಬಂದಿದ್ದ, ಮುಖದ ತುಂಬ ನಗು. ಬೋರಲು ಗಾಡಿಗಳ ಮೇಲೆ ಕೂತ ನಮ್ಮನ್ನು ನೋಡಿದ. ಟಿವಿ ನೋಡಿದ. ಮತ್ತೆ ನಮ್ಮನ್ನು ನೋಡಿದ. ನಮ್ಮ ಬರಿಗೈ ನೋಡಿದ.

"ಪಟ್ಟಿ ಎಲ್ಲಿ?"

ತಾತ ಯಂತ್ರದ ಕಡೆ ಗದ್ದ ಎತ್ತಿ ತೋರಿಸಿದ. "ಡ್ಯೂಟೀಲಿದ್ದಾವೆ ಸಾರ್."

"ನಿಲ್ಲಿಸ್ರಿ ಅದನ್ನ!"

"ಮಧ್ಯದಲ್ಲಿ ನಿಲ್ಲಿಸಿದ್ರೆ ಕಲೆ ಹೋಗಲ್ಲ ಸಾರ್," ಎಂದೆ. ನಾನು ಏಳಲಿಲ್ಲ. ಯಾರೂ ಏಳಲಿಲ್ಲ. ಎಲ್ಲರನ್ನೂ ಕೆಲಸದಿಂದ ತೆಗೆಯುತ್ತೇನೆ ಎಂದ. ತೆಗೀರಿ ಸಾರ್, ಮೇಲೆ ಆಪರೇಷನ್ ಟೇಬಲ್ಲಿಗೆ ಇವತ್ತು ಏನು ಹಾಸ್ತೀರಿ ಎಂದು ಯಾರೋ ಕೇಳಿದರು. ಹೋಟೆಲಿನ ಬಟ್ಟೆ ಒಗೆಯುವವರನ್ನು ಕರೆಸುತ್ತೇನೆ ಎಂದ. ಕರೆಸಿ ಎಂದೆವು. ಅವನು ಫೋನು ಕಿವಿಗಿಟ್ಟುಕೊಂಡು ಆ ಕಡೆಯವರ ಮಾತು ಕೇಳುತ್ತ ನಿಂತ. ಅವನ ಕಿವಿ ಕೆಂಪಾಯಿತು. ಟಿವಿಯಲ್ಲಿ ಎಲ್ಲ ಹಸಿರೇ ಇತ್ತು.

ಚಿಕ್ಕವಳು ಎದ್ದಳು. ಮೂಲೆಯ ಕೊಡದಿಂದ ಒಂದು ಲೋಟ ನೀರು ಕುಡಿದಳು. ಇನ್ನೊಂದು ಲೋಟ ತುಂಬಿಕೊಂಡು ಅದನ್ನೂ ಕುಡಿದಳು. ನಗುಮುಖನ ಪಕ್ಕದಲ್ಲೇ ಹಾದು, ಅವಸರವಿಲ್ಲದೆ, ಶೌಚಾಲಯಕ್ಕೆ ಹೋದಳು. ಬಾಗಿಲ ಪೆಟ್ಟಿಗೆಗೆ ಏನೂ ತಿಳಿಯಲಿಲ್ಲ. ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು.

ಆಮೇಲೆ ಅಳು ಶುರುವಾಯಿತು. ಅಷ್ಟು ದಿನ ತಡೆದದ್ದು. ಬಾಯಿಗೆ ಸೆರಗು ತುರುಕಿಕೊಂಡು ಅಳುವ ಅಳುವಲ್ಲ, ಬಾಯಿ ಬಿಟ್ಟ ಅಳು. ನಗುಮುಖ ಫೋನು ಇಳಿಸಿ ಆ ಬಾಗಿಲ ಕಡೆ ತಿರುಗಿದ.

ನಾನು ಎದ್ದು ಹೋಗಿ ಪಕ್ಕದ ಯಂತ್ರವನ್ನು ಹಚ್ಚಿದೆ. ಅದರೊಳಗೆ ಬಟ್ಟೆ ಇರಲಿಲ್ಲ. ತಾತ ಇನ್ನೊಂದನ್ನು ಹಚ್ಚಿದ. ಉಳಿದವರೂ ಎದ್ದು ಒಂದೊಂದಾಗಿ ಎಲ್ಲ ಯಂತ್ರಗಳನ್ನೂ ಹಚ್ಚಿದರು. ಖಾಲಿ ಡ್ರಮ್ಮುಗಳು ಗಡಗಡ ತಿರುಗಿದವು. ನೆಲ ನಡುಗಿತು. ನಗುಮುಖ ಏನೋ ಕೂಗುತ್ತಿದ್ದ, ಬಾಯಿ ಮಾತ್ರ ಆಡುತ್ತಿತ್ತು. ಆ ಬಾಗಿಲ ಹಿಂದಿನಿಂದ ನಮಗಾರಿಗೂ ಏನೂ ಕೇಳಿಸಲಿಲ್ಲ. ಅವಳು ಎಷ್ಟು ಹೊತ್ತು ಒಳಗಿದ್ದಳೋ ಯಾರೂ ನೋಡಲಿಲ್ಲ.